ಬಾಯಿಪಾಠ

ನಮ್ಮ ಕಾಲೇಜಿನ ಕಬಡ್ಡಿ ತಂಡ ಈ ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಸಂಜೆ ಫೈನಲ್. ಆದರೆ ನಿನ್ನೆ ಸೆಮಿಫೈನಲ್‌ನಲ್ಲಿ ನಮ್ಮ ರೈಡರ್‌ನ ತಲೆಗೆ ಎದುರಾಳಿಯ ಮೊಣಕಾಲು ಬಡಿದಿತ್ತು. ಡಾಕ್ಟರು ಚೀಟಿ ಕೊಟ್ಟರೆ ಮಾತ್ರ ಅವನು ಆಡಬಹುದು. ತಲೆಗೆ ಪೆಟ್ಟು ಬಿದ್ದವರನ್ನು ಅವರು ಕೇಳುವ ಪ್ರಶ್ನೆಗಳು ಆಟಗಾರರಿಗೆಲ್ಲ ಗೊತ್ತು. ಕ್ಯಾಪ್ಟನ್ ಆದ ನಾನೇ ಬಾಗಿಲಾಚೆ ನಿಂತು ಉತ್ತರಗಳನ್ನು ಅವನಿಗೆ ಬಾಯಿಪಾಠ ಮಾಡಿಸಿದೆ. ಆಮೇಲೆ ಅವನ ಜೊತೆ ನಾನೂ ಒಳಗೆ ಹೋದೆ.

“ಇವತ್ತು ಯಾವ ವಾರ?” ಡಾಕ್ಟರು ಅವನನ್ನು ಕೇಳಿದರು.

“ಗುರುವಾರ ಸರ್.”

“ನಿನ್ನೆ ಯಾರ ಮೇಲೆ ಗೆದ್ರಿ?”

“ಹಾಸನದವ್ರ ಮೇಲೆ ಸರ್.”

“ಎಷ್ಟು ಪಾಯಿಂಟು?”

“ಮೂವತ್ತೊಂದು, ಇಪ್ಪತ್ತೆಂಟು.”

ನಾನು ಉಸಿರು ಬಿಟ್ಟೆ. ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆದರು.

“ಹೆಸರು ಹೇಳಪ್ಪ.”

ಅವನು ನನ್ನತ್ತ ತಿರುಗಿದ.

“ಇದನ್ನ ನೀನು ಹೇಳ್ಕೊಡ್ಲೇ ಇಲ್ವಲ್ಲೋ?”