ಅವ್ವ ಚೆಲ್ಲಿದ ಕೊಡಗಳು

ಕೀಟನಾಶಕದ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ನಡು ನೋಯುತ್ತದೆ.

ನನಗಾಗ ಹತ್ತು ವರ್ಷ. ಜಗಳೂರಿನ ಹತ್ತಿರದ ನಮ್ಮ ಹೊಲದಲ್ಲಿ ಸೂರ್ಯಕಾಂತಿ ಪೂರಾ ಅರಳಿತ್ತು, ಎಲೆಗೆ ಕಂಬಳಿಹುಳ ಬಿದ್ದಿತ್ತು. ಅಪ್ಪ ಪಕ್ಕದ ಹೊಲದವರ ಪಂಪು ಕೇಳಿ ತಂದು, ಮಧ್ಯಾಹ್ನವೇ ಔಷಧಿ ಹೊಡೆಯಲು ನಿಂತ.

"ಹೂವಿನ ತುಂಬ ಜೇನ್ನೊಣ ಅದಾವೆ ಕಣ್ರೀ. ಅವು ಸತ್ರೆ ಕಾಳು ಹೆಂಗೆ ಕಟ್ತೈತೆ? ಹೊತ್ತು ಇಳಿದ ಮೇಲೆ ಹೊಡೀರಿ," ಅಂದಳು ಅವ್ವ.

"ಅಲ್ಲೀತನ ಹುಳ ಸುಮ್ನೆ ಕುಂತಿರ್ತಾವೇನೇ? ನನಗೆ ಕಲ್ಸಾಕೆ ಬರಬೇಡ!" ಅಪ್ಪ ರೇಗಿದ.

ಔಷಧಿಗೆ ಬೆರೆಸಲು ನಾನು ದೂರದ ಬೋರ್‌ವೆಲ್‌ನಿಂದ ನೀರು ತಂದಿಟ್ಟೆ. ಅವ್ವನ ಕಾಲು ತಾಗಿ ಕೊಡ ಉರುಳಿತು. ಇನ್ನೊಂದು ಕೊಡ ಹೊತ್ತು ತಂದೆ. ಪಂಪಿಗೆ ಸುರಿಯುವಾಗ ಅವಳ ಕೈ ಜಾರಿತು. ಮೂರನೆಯದನ್ನು ಬದುವಿನಲ್ಲಿ ಕಟ್ಟಿದ್ದ ಎಮ್ಮೆಗೆ ಕುಡಿಸಿಬಿಟ್ಟಳು.

"ನಿಂಗೆ ಕಣ್ಣು ಕಾಣಲ್ವೇನವ್ವಾ?" ಎಂದು ನಾನು ಅತ್ತೇಬಿಟ್ಟೆ. ಅಪ್ಪ ಹಣೆ ಚಚ್ಚಿಕೊಂಡ.

"ಇನ್ನೊಂದ್ಸಲ ಹೋಗಿ ಬಾರವ್ವ. ಅವಸರ ಮಾಡಬೇಡ," ಅಂದಳು ಅವ್ವ. ಆ ಕೊಡವೂ ನೆಲದ ಪಾಲಾಯಿತು.

ಅಷ್ಟರಲ್ಲಿ ಬಿಸಿಲು ಇಳಿದು, ಹೂಗಳ ಮೇಲಿನ ಗುಂಯ್‌ ಸದ್ದು ನಿಂತಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಬೋರಿಗೆ ಹೋದಳು. ತುಂಬಿದ ಕೊಡ ಹೊತ್ತು ಬದುವಿನ ಮೇಲೆ ಸರಸರ ನಡೆದು ಬಂದಳು. ಒಂದು ಹನಿಯೂ ತುಳುಕಲಿಲ್ಲ.