ಒಂದು ಲಕ್ಷನೇ ಅತಿಥಿ

ತಿರುಗುವ ಗೇಟಿನೊಳಗೆ ಒಬ್ಬೊಬ್ಬರೇ ಹೋಗಬೇಕೆಂದು ಬೋರ್ಡು ಹಾಕಿತ್ತು. ಜುಂಜಮ್ಮ, ಹೊನ್ನಕ್ಕ ಕೈ ಕೈ ಹಿಡಿದುಕೊಂಡೇ ನುಗ್ಗಿದರು. ಒಳಗೆ ಕಾಲಿಟ್ಟಿದ್ದೇ ತಡ, ಸೈರನ್ ಕೂಗಿತು, ಬ್ಯಾಂಡಿನವರು ಬಾರಿಸಿದರು, ತಲೆಯ ಮೇಲೆ ಬಣ್ಣದ ಕಾಗದದ ಚೂರು ಉದುರಿತು. ಜುಂಜಮ್ಮ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

“ನಾವು ಟಿಕೇಟು ತಗಂಡೇ ಬಂದೀವಿ ಕಣಪ್ಪ,” ಎಂದು ಸೆರಗಿನ ಗಂಟು ಬಿಚ್ಚತೊಡಗಿದಳು.

ಟೈ ಕಟ್ಟಿದ್ದ ಮ್ಯಾನೇಜರ್ ರವೀಂದ್ರ ಕೈ ಮುಗಿದ. ಹಿರಿಯೂರಿನ ಹೊರಗೆ ಹೆದ್ದಾರಿ ಪಕ್ಕ ತೆರೆದಿರುವ ಈ ಪಾರ್ಕಿಗೆ ಬರುವ ಒಂದು ಲಕ್ಷನೇ ಅತಿಥಿಗೆ ಸನ್ಮಾನ ಮಾಡಲು ಬೆಳಗ್ಗೆಯಿಂದ ಕಾಯುತ್ತಿದ್ದರಂತೆ. ಇಬ್ಬರೂ ಒಟ್ಟಿಗೆ ನುಗ್ಗಿದ್ದರಿಂದ ಯಾರು ಲಕ್ಷ, ಯಾರು ಲಕ್ಷದ ಒಂದು ಎಂದು ಲೆಕ್ಕದ ಯಂತ್ರಕ್ಕೇ ಗೊತ್ತಾಗಲಿಲ್ಲ. ಹಾಗಾಗಿ ಇಬ್ಬರ ಎದೆಗೂ ಬ್ಯಾಡ್ಜ್ ಚುಚ್ಚಿ, ವೇದಿಕೆಯ ಮೇಲೆ ಮುಂದಿನ ಸಾಲಿನ ಕೆಂಪು ಕುರ್ಚಿಗಳಲ್ಲಿ ಕೂರಿಸಿದರು. ಆಗ ಬೆಳಗ್ಗೆ ಹನ್ನೊಂದು ಗಂಟೆ.

ಹೊಸದುರ್ಗದ ಕಡೆಯ ಒಂದೇ ಶಾಲೆಯಲ್ಲಿ, ಒಂದೇ ಒಲೆಯ ಮುಂದೆ ಬಿಸಿಯೂಟ ಬೇಯಿಸುವ ಗೆಳತಿಯರು ಅವರು. ಈ ಪಾರ್ಕಿನ ಜೈಂಟ್ ವೀಲನ್ನು ಜುಂಜಮ್ಮ ಎರಡು ವರ್ಷದಿಂದ ಬಸ್ಸಿನ ಕಿಟಕಿಯಲ್ಲೇ ನೋಡಿ ಬಾಯಿ ಬಿಟ್ಟಿದ್ದಳು. ಅದರಲ್ಲಿ ಒಂದು ಸಲ ಕೂರಬೇಕು, ಅಷ್ಟೇ ಅವಳ ಆಸೆ. ಇಬ್ಬರ ಮನೆಯವರೂ ಒಪ್ಪಿ, ಒಂದು ದಿನ ಬಿಡುವು ಸಿಗುವ ಹೊತ್ತಿಗೆ ಸಾಕುಸಾಕಾಗಿತ್ತು.

“ಲೇ ಹೊನ್ನಿ, ಮೊದ್ಲು ಅದ್ರಾಗೆ ಒಂದು ಸುತ್ತು ಕುಂತು ಬರಾಣ ಬಾರೇ.”

“ಸುಮ್ನಿರೇ. ಶಾಲು ಹೊದಿಸ್ತಾರಂತೆ. ಎದ್ದೋದ್ರೆ ಏನಂದ್ಕಂತಾರೆ?”

ಹೊನ್ನಕ್ಕನದೂ ತಪ್ಪಲ್ಲ. ಶಾಲೆಯ ಅಂಗಳದಲ್ಲಿ ಯಾರು ಯಾರಿಗೋ ಶಾಲು ಹೊದಿಸುವುದನ್ನು ಹದಿನಾಲ್ಕು ವರ್ಷ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದವಳು. ಸನ್ಮಾನ ಮಾಡಿಸಿಕೊಂಡವರು ಅವಳ ಕೈಯ ಉಪ್ಪಿಟ್ಟು ತಿಂದು ಹೋಗುತ್ತಿದ್ದರೇ ಹೊರತು, ಅವಳ ಹೆಸರು ಕೇಳಿದವರಿಲ್ಲ.

ಶಾಲು ಹೊದಿಸಬೇಕಾದ ಸಾಹೇಬರು ಮಾತ್ರ ಬರಲಿಲ್ಲ. “ಹೊಳಲ್ಕೆರೆ ಬಿಟ್ಟಿದ್ದಾರೆ, ಇನ್ನು ಹತ್ತೇ ನಿಮಿಷ,” ಎಂದು ರವೀಂದ್ರ ಹೇಳಿದ. ಹನ್ನೆರಡೂವರೆಗೆ ಅವರು ಚಿತ್ರದುರ್ಗದಲ್ಲಿ ಒಂದು ಗೃಹಪ್ರವೇಶದಲ್ಲಿದ್ದರು. ಎರಡು ಗಂಟೆಗೆ ಆ ಗೃಹಪ್ರವೇಶದ ಊಟದಲ್ಲಿದ್ದರು. ಮೂರಕ್ಕೆ ಊಟದ ಮೇಲಿನ ವಿಶ್ರಾಂತಿಯಲ್ಲಿದ್ದರು. ಪ್ರತಿ ಸಲವೂ ಹತ್ತೇ ನಿಮಿಷ. ಗೆಳತಿಯರಿಗೆ ಕೂತಲ್ಲಿಗೇ ಚಿತ್ರಾನ್ನದ ಪೊಟ್ಟಣ ಬಂತು. ಎದುರಿಗೇ ಜೈಂಟ್ ವೀಲ್ ಸುತ್ತುತ್ತಿತ್ತು, ಜನ ಕಿರುಚುತ್ತಿದ್ದರು. ಐದೂವರೆಗೆ ಅದನ್ನು ನಿಲ್ಲಿಸುತ್ತಾರೆಂದು ಮೈಕಿನಲ್ಲಿ ಆಗಾಗ ಹೇಳುತ್ತಿದ್ದರು. ಜುಂಜಮ್ಮ ಪೊಟ್ಟಣವನ್ನು ಹಾಗೇ ಮಡಿಸಿ ಪಕ್ಕಕ್ಕಿಟ್ಟಳು.

ನಾಲ್ಕೂವರೆಗೆ ಸಾಹೇಬರು ನಾಲ್ಕು ಕಾರುಗಳ ಜನ ಕಟ್ಟಿಕೊಂಡು ಬಂದರು. ವೇದಿಕೆಯಲ್ಲಿ ಕುರ್ಚಿ ಸಾಲಲಿಲ್ಲ. “ಅಮ್ಮಾ, ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಿ,” ಎಂದು ರವೀಂದ್ರ ಇವರನ್ನು ಎರಡನೇ ಸಾಲಿಗೆ ಸರಿಸಿದ. ಇನ್ನಷ್ಟು ಜನ ಹತ್ತಿದರು. ಇವರು ಕೊನೆಯ ಸಾಲಿಗೆ ಹೋದರು. ಆಮೇಲೆ, “ಮೆಟ್ಟಿಲ ಹತ್ರ ನಿಂತಿರ್ರಿ, ಹೆಸರು ಕರೀತೀವಿ,” ಎಂದು ಕೆಳಗಿಳಿಸಿದ. ಹೆಸರೇನೆಂದು ಮಾತ್ರ ಕೇಳಲಿಲ್ಲ. ಕೆಂಪು ಕುರ್ಚಿಗಳಲ್ಲಿ ಸಾಹೇಬರ ಜೊತೆ ಬಂದಿದ್ದ ಇಬ್ಬರು ರೇಷ್ಮೆ ಸೀರೆಯವರು ಕೂತರು.

ಸಾಹೇಬರು ಮೈಕು ಹಿಡಿದರು. ಈ ಒತ್ತಡದ ಕಾಲದಲ್ಲಿ ಮನುಷ್ಯ ಒಂದು ದಿನವಾದರೂ ಚಿಂತೆ ಮರೆತು ಮಕ್ಕಳ ಹಾಗೆ ಆಡಬೇಕು ಎಂಬುದನ್ನು ಅವರು ಅರ್ಧ ಗಂಟೆ ವಿವರಿಸಿದರು. ಜುಂಜಮ್ಮನ ಕೈಗಡಿಯಾರ ಐದೂ ಇಪ್ಪತ್ತು ತೋರಿಸಿತು. ಗೆಳತಿಯ ಆಸೆಗೆ ಅಡ್ಡ ಬರಬಾರದೆಂದು ಅವಳು ವೀಲಿಗೆ ಬೆನ್ನು ಹಾಕಿ ನಿಂತಳು. ಕಣ್ಣು ಮಾತ್ರ ತುಂಬಿಕೊಂಡು ಬಂತು.

ಹೊನ್ನಕ್ಕ ತಟ್ಟೆಯಲ್ಲಿದ್ದ ಶಾಲುಗಳನ್ನು ನೋಡಿದಳು. ಜುಂಜಮ್ಮನ ಮುಖ ನೋಡಿದಳು. ಎದೆಯ ಬ್ಯಾಡ್ಜು ಕಿತ್ತು ಮೆಟ್ಟಿಲ ಮೇಲಿಟ್ಟಳು.

“ಹಾಳಾಗೋಗ್ಲಿ. ಬಾರೇ, ಹೋಗಾಣ.”

“ಶಾಲು?”

“ಮನೆಯಾಗೆ ಕಂಬಳಿ ಐತೆ.”

ಇಬ್ಬರೂ ಸೀರೆ ಎತ್ತಿ ಕಟ್ಟಿಕೊಂಡು ಓಡಿದರು. ಕೊನೇ ಸುತ್ತಿನ ಕೊನೇ ತೊಟ್ಟಿಲು ಸಿಕ್ಕಿತು. ವೀಲು ಮೇಲೇರುತ್ತಿದ್ದಂತೆ ಜುಂಜಮ್ಮ ಜೋರಾಗಿ ಕಿರುಚಿದಳು. ಎಷ್ಟೋ ವರ್ಷದಿಂದ ಹಾಗೆ ಕಿರುಚಿರಲಿಲ್ಲ. ದೂರದ ಗುಡ್ಡದ ಗಾಳಿಯಂತ್ರಗಳೆಲ್ಲ ಕಣ್ಣಿನ ಮಟ್ಟಕ್ಕೆ ಬಂದಿದ್ದವು. ಹೊಟ್ಟೆಯೊಳಗೆ ಏನೋ ಜಾರಿದಂತಾಗಿ ನಗು ತಡೆಯಲಾಗಲಿಲ್ಲ. ಇದಕ್ಕಾಗಿ ಎರಡು ವರ್ಷವಲ್ಲ, ಇಪ್ಪತ್ತು ವರ್ಷ ಕಾದಿದ್ದರೂ ಸರಿಯೇ ಎನಿಸಿತು.

ತೊಟ್ಟಿಲು ತುದಿಗೆ ಬಂದಾಗ ಕೆಳಗಿನ ಮೈಕು ಕೂಗಿತು: “ಈಗ ನಮ್ಮ ಒಂದು ಲಕ್ಷನೇ ಅತಿಥಿಗಳಿಗೆ ಸನ್ಮಾನ!”

ರವೀಂದ್ರ ಮೆಟ್ಟಿಲ ಕಡೆ ನೋಡಿದ, ಗೇಟಿನ ಕಡೆ ನೋಡಿದ. ಫೋಟೋದವನು ಕ್ಯಾಮೆರಾ ಹಿಡಿದು ನಿಂತಿದ್ದ. ಸಾಹೇಬರು ಗಡಿಯಾರ ನೋಡಿಕೊಂಡರು, ತಟ್ಟೆಯಿಂದ ಶಾಲು ಎತ್ತಿ, ಹತ್ತಿರದ ಕೆಂಪು ಕುರ್ಚಿಗಳಲ್ಲಿದ್ದ ರೇಷ್ಮೆ ಸೀರೆಯವರಿಗೇ ಹೊದಿಸಿದರು. ಅವರು ನಾಚಿಕೊಂಡು ಕೈ ಮುಗಿದರು. ಜನ ಚಪ್ಪಾಳೆ ತಟ್ಟಿದರು.

ಹೊನ್ನಕ್ಕ ಸರಳು ಹಿಡಿದು ಬಗ್ಗಿ ನೋಡುತ್ತಿದ್ದಳು. ತನ್ನಿಂದಾಗಿ ಗೆಳತಿಗೆ ಸಿಗಬೇಕಾದ್ದು ತಪ್ಪಿತಲ್ಲ ಎಂದು ಜುಂಜಮ್ಮ ಅವಳ ಭುಜದ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಹೊನ್ನಕ್ಕ ಸರಳು ಬಿಟ್ಟು ಎರಡೂ ಕೈಯಲ್ಲಿ ಪಟಪಟನೆ ಚಪ್ಪಾಳೆ ತಟ್ಟತೊಡಗಿದಳು.

“ಏನ್ ಸುಮ್ನೆ ಕುಂತಿದ್ದೀಯೇ? ತಟ್ಟೇ ಜುಂಜಿ! ಸನ್ಮಾನ ಆಗ್ತಾ ಇರೋದು ನಮಗೇ ಕಣೇ!”