ಕಣ್ಣು ಬರೆದ ಸಿಪಾಯಿಗಳು

ಕೊಪ್ಪಳದ ಯುದ್ಧದಾಟದ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಇಣುಕಿ ನೋಡುತ್ತಿದ್ದ ಸುಶೀಲವ್ವ ಕಡೆಗೊಮ್ಮೆ ಒಳಗೆ ಹೋಗಿ ತನ್ನ ಮೊದಲ ಡಬ್ಬಿ ಕೊಂಡಳು. ಅದರಲ್ಲಿ ಹೆಬ್ಬೆರಳುದ್ದದ ಇಪ್ಪತ್ತು ಸೀಸದ ಸಿಪಾಯಿಗಳಿದ್ದವು. ಬಣ್ಣ ಕೊಂಡವರೇ ಹಾಕಬೇಕು; ಅದು ಒಣಗಿದರೆ ಸಾಕು, ಹೇಳಿದಂತೆ ನಡೆಯುತ್ತವೆ, ಗುಂಡು ಹಾರಿಸುತ್ತವೆ. ಅದು ಊರಿಗೆಲ್ಲ ಗೊತ್ತಿದ್ದದ್ದೇ. ಕಣ್ಣು ಮಾತ್ರ ಬರೆಯಬಾರದು ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಆದರೆ ಅವಳದು ಮೂವತ್ತು ವರ್ಷ ಕಿನ್ನಾಳದಲ್ಲಿ ದೇವರ ಗೊಂಬೆಗಳಿಗೆ ಬಣ್ಣ ಹಾಕಿದ ಕೈ. ಕಡೆಗೆ ಕಣ್ಣು ಬರೆಯದೆ ಕುಂಚ ತೊಳೆಯುವುದು ಆ ಕೈಗೆ ಗೊತ್ತೇ ಇರಲಿಲ್ಲ.

ಭಾನುವಾರ ಅಂಗಡಿಯ ಮೇಜಿನ ಮೇಲೆ, ಮಣ್ಣಿನ ಗುಡ್ಡ ಮತ್ತು ರಟ್ಟಿನ ಮನೆಗಳ ನಡುವೆ ತನ್ನ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದಳು. ಎದುರಿಗೆ ಅಂಗಡಿಯ ಮೆಹಬೂಬಸಾಬರ ಪಡೆ, ಒಂದಕ್ಕೂ ಕಣ್ಣಿಲ್ಲ.

ಸಾಬರು ಬಗ್ಗಿ ನೋಡಿ ಹುಬ್ಬೇರಿಸಿದರು. "ಅಕ್ಕಾರ, ಕಣ್ಣು ಬರದೀರಲ್ರೀ!"

"ಕಣ್ಣಿಲ್ಲದ ಗೊಂಬಿ ನಮ್ಮ ಮನಿ ಹೊಸ್ತಿಲ ದಾಟೂದಿಲ್ರಿ. ಕಣ್ಣಿದ್ರ ಗುರಿನೂ ಚಲೋ ಹಿಡೀತಾವ ಬಿಡ್ರಿ."

"ಗುರಿ ಏನೋ ಹಿಡೀತಾವ," ಎನ್ನುತ್ತ ಸಾಬರು ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

ಸುಶೀಲವ್ವ ದಾಳ ಉರುಳಿಸಿದಳು. ಆರು ಬಿತ್ತು. "ಹೊಡೀರೋ!" ಎಂದಳು ಹುರುಪಿನಿಂದ.

ಇಪ್ಪತ್ತೂ ಸಿಪಾಯಿಗಳು ಎದುರಿನ ಪಡೆಯನ್ನು ನೋಡಿದವು. ಗುಡ್ಡ ನೋಡಿದವು, ರಟ್ಟಿನ ಮನೆಗಳ ಕಿಟಕಿಯೊಳಗೆ ಇಣುಕಿದವು. ಆಮೇಲೆ, ಹೊಡಿ ಅಂದವರು ಯಾರು ಎಂದು ಹುಡುಕುವವರ ಹಾಗೆ ಒಂದೊಂದಾಗಿ ಹಿಂದಕ್ಕೆ ತಿರುಗಿ, ಬಂದೂಕು ಮೇಲೆತ್ತಿ, ಅವಳ ಮುಖಕ್ಕೇ ಗುರಿಯಿಟ್ಟವು. ಅವಳೇ ಬರೆದ ನಲವತ್ತು ಕಣ್ಣುಗಳಲ್ಲಿ ಒಂದೂ ಮಿಟುಕಲಿಲ್ಲ.